ಮಂಡಗದ್ದೆಯಲ್ಲಿ ಇಳಿದ ಮೇಡಂಗೆ ಥ್ಯಾಂಕ್ಸ್

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸಿನಲ್ಲಿ, ಮರುದಿನದ ಇಂಗ್ಲಿಷ್ ಪರೀಕ್ಷೆ ನೆನೆದು ಅಳುತ್ತಿದ್ದ ನಮ್ಮ ಹುಡುಗಿಯ ಪಕ್ಕ ಬಂದು ಕೂತ ಮೇಡಂ, ನಿಮ್ಮ ಹೆಸರೂ ಗೊತ್ತಿಲ್ಲ.

ನೋಟ್‌ಬುಕ್ಕಿನ ಕೊನೇ ಹಾಳೆ ಹರಿದು ಮೂರು ಚೀಟಿ ಮಾಡಿದಿರಿ: ಫಾದರ್, ಅರೆಕಾನಟ್, ಸೆಲ್ಸ್. ಮೊದಲು ನಮ್ಮ ಮಾತಿನ ಕ್ರಮದಲ್ಲೇ ಅವಳ ತೊಡೆಯ ಮೇಲೆ ಜೋಡಿಸಿ, ಆಮೇಲೆ ಕೊನೆಯ ಎರಡನ್ನು ಅದಲುಬದಲು ಮಾಡಿದಿರಿ. ‘ಬೆಕ್ಕನ್ನು ನಾಯಿ ಓಡಿಸಿತು’ ಅಂತ ತಿರುಗಿಸಿ ಹೇಳಿದರೂ ಕನ್ನಡದಲ್ಲಿ ಅರ್ಥ ಕೆಡಲ್ಲ, ‘ಅನ್ನು’ ಜೊತೆಗಿರುತ್ತೆ. ಇಂಗ್ಲಿಷ್ ನಾಮಪದಕ್ಕೆ ಅಂಥ ಪ್ರತ್ಯಯ ಇಲ್ಲ. ಯಾರು ಯಾರನ್ನು ಓಡಿಸಿದರು ಅನ್ನೋದನ್ನು ಪದದ ಜಾಗವೇ ಹೇಳಬೇಕು. ಕರ್ತೃ, ಕ್ರಿಯಾಪದ, ಆಮೇಲೆ ಕರ್ಮ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಮಕ್ಕಳು ಎಡವೋದು ಪ್ರಶ್ನೆಯಲ್ಲಿ. ‘ಸೆಲ್ಸ್’ ಚೀಟಿಯ ಎಸ್ ಅಕ್ಷರವನ್ನು ಬೆರಳಲ್ಲಿ ಮುಚ್ಚಿ, ‘ಡಸ್ ಬಂದ್ರೆ ಎಸ್ ಅದರೊಳಗೇ ಹೋಯ್ತು’ ಅಂದಿರಿ. ಹಾಗಾಗಿ ‘ಡಸ್ ಫಾದರ್ ಸೆಲ್ ಅರೆಕಾನಟ್?’ ಸರಿ, ‘ಸೆಲ್ಸ್’ ಅಲ್ಲ. ‘ಡಿಡ್’ ಬಂದರೂ ಅಷ್ಟೇ, ‘ಸೋಲ್ಡ್’ ಹೋಗಿ ‘ಸೆಲ್’ ಆಗುತ್ತೆ.

ಇಳಿಯೋ ಮುಂಚೆ ಐದು ವಾಕ್ಯ ಬರೆಸಿದಿರಿ. ತಪ್ಪಿದ್ದಲ್ಲಿ ಹೊಡೆದುಹಾಕದೆ ಪಕ್ಕದಲ್ಲಿ ಸಣ್ಣ ಚುಕ್ಕಿ ಇಟ್ಟು, ‘ನೀನೇ ಹುಡುಕು ಪುಟ್ಟಿ’ ಅಂದಿರಿ. ಹುಡುಕಿದಳು. ನಮಗೂ ಉಸಿರು ಬಂದ ಹಾಗಾಯ್ತು. ತುಂಬಾ ಥ್ಯಾಂಕ್ಸ್, ಮೇಡಂ.