ಕೋಚ್‌ನ ಓಡ್ಸಿ ಅಂತ ಹೋದ ವರ್ಷ ನಾನೇ ಬರ್ದಿದ್ದೆ

ಮಾನ್ಯ ಸಂಪಾದಕರೇ,

ಹೋದ ವರ್ಷ, ಅಂದ್ರೆ 2024ರ ಏಪ್ರಿಲ್‌ನಲ್ಲಿ ನಿಮ್ಮ ಪೇಪರ್‌ಗೆ ನಾನೊಂದು ಮೇಲ್ ಹಾಕಿದ್ದೆ, ನಮ್ಮ ಫುಟ್‌ಬಾಲ್ ಟೀಮ್ ಬೆಂಗಳೂರು ಎಫ್‌ಸಿ ಕೋಚ್ ಜೆರಾರ್ಡ್ ಝರಗೋಝಾನ ಮೊದ್ಲು ಸ್ಪೇನ್ ಫ್ಲೈಟ್ ಹತ್ಸಿ ಅಂತ. ಕಂಠೀರವ ಸ್ಟೇಡಿಯಂನಲ್ಲಿ ಕೋಲ್ಕತಾದ ಮೋಹನ್ ಬಾಗನ್ ಹತ್ರ 4-0 ತಿಂದು ಬಂದ ರಾತ್ರಿ ಬರೆದಿದ್ದು ಅದು, ಏಪ್ರಿಲ್ 11, ಚೆನ್ನಾಗಿ ನೆನಪಿದೆ, ಮನೆಗ್ ಬಂದು ಅನ್ನ ಸಾರು ಮುಂದೆ ಇಟ್ಕೊಂಡು ಉಣ್ಣದೆ ಫೋನಲ್ಲಿ ಟೈಪ್ ಮಾಡ್ತಾ ಕೂತಿದ್ದೆ, ಅಮ್ಮ ಬೈದ್ರು. ನೀವು ಅದನ್ನ ಹಾಕ್ಲಿಲ್ಲ. ಆಗ ನಿಮ್ ಮೇಲೂ ಕೋಪ ಬಂದಿತ್ತು, ಕ್ರಿಕೆಟ್ ಆಗಿದ್ರೆ ಅರ್ಧ ಪುಟ ಕೊಡ್ತಿದ್ರಿ ಅಂತ. ಈಗ ಅನ್ಸುತ್ತೆ, ಹಾಕ್ದೇ ಇದ್ದಿದ್ದು ನನಗೇ ಒಳ್ಳೇದಾಯ್ತು.

ಯಾಕೆ ಮತ್ತೆ ಬರೀತಿದೀನಿ ಅಂದ್ರೆ, ಈ ವಾರ, 2025ರ ಏಪ್ರಿಲಲ್ಲಿ, ಸೂಪರ್ ಕಪ್‌ನಲ್ಲಿ ಕೆಳಗಿನ ದರ್ಜೆಯ ಐ-ಲೀಗ್ ಟೀಮ್ ಇಂಟರ್ ಕಾಶಿ ಎದುರು ನಮ್ಮೋರು ಪೆನಾಲ್ಟಿಯಲ್ಲಿ ಸೋತು ಮೊದಲನೇ ಮ್ಯಾಚಲ್ಲೇ ಮನೆಗೆ ಬಂದ್ರು. ಅದಕ್ಕೆ ಸ್ವಲ್ಪ ದಿನ ಮುಂಚೆ, ಏಪ್ರಿಲ್ 12ಕ್ಕೆ, ಕೋಲ್ಕತಾದಲ್ಲಿ ದೇಶದ ಟಾಪ್ ಲೀಗ್ ಐಎಸ್‌ಎಲ್‌ನ ಫೈನಲ್ 2-1 ಸೋತಿದ್ದು. ಅಷ್ಟೇ ಸಾಕಾಯ್ತು, ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ಅದೇ ರಾಗ. ಕೋಚ್ ಚೇಂಜ್ ಮಾಡ್ಬೇಕು, ಇವನ ಕೈಲಿ ಕಪ್ ಗೆಲ್ಲಕ್ಕಾಗಲ್ಲ, ಹೊಸಬ್ರು ಬರ್ಲಿ. ನಂಗೆ ಅದನ್ನ ಓದ್ತಾ ಓದ್ತಾ ನಾಚಿಕೆ ಆಯ್ತು, ಯಾಕಂದ್ರೆ ಅದ್ರಲ್ಲಿ ಅರ್ಧ ವಾಕ್ಯ ನನ್ನ ಹೋದ ವರ್ಷದ ಮೇಲಲ್ಲೇ ಇದ್ವು.

ಸ್ವಲ್ಪ ಲೆಕ್ಕ ನೋಡಣ. ಝರಗೋಝಾ ಬಂದಿದ್ದು 2023 ಡಿಸೆಂಬರಲ್ಲಿ, ಸೀಸನ್ ಮಧ್ಯದಲ್ಲಿ. ಅದಕ್ಕೆ ಮುಂಚೆ ಇದ್ದ ಇಂಗ್ಲೆಂಡಿನ ಸೈಮನ್ ಗ್ರೇಸನ್ ಟೀಮು 9 ಮ್ಯಾಚಲ್ಲಿ ಒಂದೇ ಒಂದು ಗೆದ್ದಿತ್ತು, ಮುಂಬೈ ಸಿಟಿ ಕಂಠೀರವಕ್ಕೇ ಬಂದು 4-0 ಬಾರಿಸಿ ಹೋದ ಮಾರನೇ ದಿನ ಗ್ರೇಸನ್ ಔಟ್. ಹೊಸಬ ಬಂದ, ಎಲ್ಲಾ ಸರಿ ಹೋಗುತ್ತೆ ಅಂದ್ಕೊಂಡ್ವಿ. ಹೋಯ್ತಾ? 12 ಟೀಮಲ್ಲಿ 10ನೇ ಸ್ಥಾನ, 22 ಮ್ಯಾಚಿಗೆ 22 ಪಾಯಿಂಟು. ಆವಾಗ ನಾನು ಮೇಲ್ ಬರೆದಿದ್ದು. ಕ್ಲಬ್‌ನೋರು ನನ್ನಂಥವರ ಮಾತು ಕೇಳ್ದೆ ಅವನನ್ನ ಉಳಿಸಿಕೊಂಡ್ರು, ಬೇಸಿಗೆಯಲ್ಲಿ ಅವನಿಗೆ ಬೇಕಾದ ಆಟಗಾರರನ್ನ ತಂದ್ರು: ನೊಗ್ವೇರಾ, ಪೆರೇರಾ ಡಿಯಾಸ್, ಎಡ್ಗರ್ ಮೆಂಡೆಜ್, ಪೆದ್ರೊ ಕಾಪೊ, ಹಳೇ ಹುಡುಗ ರಾಹುಲ್ ಭೇಕೆ ವಾಪಸ್ ಬಂದ. ಪೂರ್ತಿ ಪ್ರೀ-ಸೀಸನ್ ಸಿಕ್ತು. ಸೆಪ್ಟೆಂಬರ್ 28ಕ್ಕೆ ಅದೇ ಮೋಹನ್ ಬಾಗನ್ ಅದೇ ಕಂಠೀರವಕ್ಕೆ ಬಂತು, 3-0. ಈ ಸಲ ನಮ್ ಕಡೆ! ಆರು ತಿಂಗಳೂ ಆಗಿರ್ಲಿಲ್ಲ ಸಾರ್, ಅದೇ ಗ್ರೌಂಡು, ಅದೇ ಕೋಚು. ಗ್ಯಾಲರಿಯಲ್ಲಿ ಕೂತು ನಾನು ಕುಣೀತಿದ್ದೆ, ಪಕ್ಕದಲ್ಲಿ ನನ್ ಫ್ರೆಂಡ್ ಕೇಳ್ದ, ಏನಪ್ಪಾ ನಿಂದು ಫ್ಲೈಟ್ ಟಿಕೆಟ್ ಕ್ಯಾನ್ಸಲ್ ಆಯ್ತಾ ಅಂತ.

ಈ ಸೀಸನ್ನೂ ಏನು ನೆಟ್ಟಗೆ ಹೋಗ್ಲಿಲ್ಲ ಬಿಡಿ. ಜನವರಿ ಪೂರ್ತಿ ಪರದಾಟ. ಟೇಬಲ್ ಕೊನೇಲಿ ಮುಗಿಸಿದ ಮೊಹಮ್ಮದನ್ ಟೀಮ್ ಕೂಡ ಇಲ್ಲಿಗೇ ಬಂದು 1-0 ಗೆದ್ದು ಹೋಯ್ತು, ಆವತ್ತೂ ಸ್ಟೇಡಿಯಂ ಹೊರಗಡೆ ಟೀ ಅಂಗಡಿ ಹತ್ರ ಕೋಚ್ ತಲೆ ಕೇಳಿದೋರು ಬೇಕಾದಷ್ಟು ಜನ. ಅದೇ ನಮ್ಮ ಟೀಮು ಮಾರ್ಚ್ ಕೊನೇಲಿ ಮುಂಬೈನ 5-0 ಹೊಡೀತು, ಸೆಮಿಫೈನಲಲ್ಲಿ ಗೋವಾದಲ್ಲಿ 2-0 ಹಿಂದೆ ಬಿದ್ದು ಎರಡು ಲೆಗ್ ಸೇರಿ ಸಮ ಆದಾಗ ಇಂಜುರಿ ಟೈಮಲ್ಲಿ ಸುನಿಲ್ ಛೆಟ್ರಿ ಹೆಡ್ ಮಾಡಿ ಫೈನಲ್‌ಗೆ ಕರ್ಕೊಂಡ್ ಹೋದ. 40 ವರ್ಷದ ಮನುಷ್ಯ! (ನಂಗೆ 38, ಮೆಟ್ರೋ ಮೆಟ್ಲು ಹತ್ತಿದ್ರೆ ಏದುಸಿರು.) ಲೀಗಲ್ಲಿ 3ನೇ ಸ್ಥಾನ, ಆಮೇಲೆ ಫೈನಲ್. ಹತ್ತರಿಂದ ಮೂರಕ್ಕೆ ಒಂದೇ ವರ್ಷದಲ್ಲಿ ತಂದೋನನ್ನ, ಎಕ್ಸ್‌ಟ್ರಾ ಟೈಮಲ್ಲಿ ಒಂದು ಗೋಲು ಬಿಟ್ಟಿದ್ದಕ್ಕೆ ಕಳಿಸ್ಬೇಕಾ?

ಇದಕ್ಕಿಂತ ದೊಡ್ಡ ತಪ್ಪು ನಮ್ಮ ಕ್ಲಬ್ ಮುಂಚೆ ಒಂದ್ಸಲ ಮಾಡಿದೆ, ಅದನ್ನ ಈಗಿನ ಹುಡುಗ್ರು ಮರೆತಿದಾರೆ. 2013ರಲ್ಲಿ ಶುರು ಆದಾಗಿಂದ 2021 ಜನವರಿ ತನಕ ಬಿಎಫ್‌ಸಿಗೆ ಇದ್ದಿದ್ದು ಮೂರೇ ಜನ ಕೋಚು. ಆಶ್ಲಿ ವೆಸ್ಟ್‌ವುಡ್ ಮೂರು ಸೀಸನ್ ಇದ್ದ, ಹುಟ್ಟಿದ ವರ್ಷವೇ, ಆಗ ದೇಶದ ಟಾಪ್ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸ್ದ, ಇನ್ನೊಂದು ಐ-ಲೀಗು, ಒಂದು ಫೆಡರೇಶನ್ ಕಪ್ಪು. ಆಮೇಲೆ ಆಲ್ಬರ್ಟ್ ರೋಕಾ, ಬಂದ ಕೆಲವೇ ತಿಂಗಳಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್, ದೋಹಾದಲ್ಲಿ ಇರಾಕ್ ಏರ್‌ಫೋರ್ಸ್ ಟೀಮ್ ಎದುರು 1-0 ಸೋತ್ವಿ. ಯಾವ ಇಂಡಿಯನ್ ಕ್ಲಬ್ಬೂ ಅಲ್ಲೀ ತನಕ ಆ ಫೈನಲ್ ಮುಟ್ಟಿರ್ಲಿಲ್ಲ. 2018ರಲ್ಲಿ ನಮ್ಮ ಊರಲ್ಲೇ ಐಎಸ್‌ಎಲ್ ಫೈನಲ್, ಲೀಗಲ್ಲಿ ಟಾಪ್ ಬಂದ ಟೀಮು ಚೆನ್ನೈಯಿನ್ ಎದುರು 3-2 ಸೋತಾಗ ಆ ರಾತ್ರಿ ಕಸ್ತೂರಬಾ ರೋಡಲ್ಲಿ ನಡ್ಕೊಂಡ್ ಹೋಗ್ತಿದ್ದ ಜನದ ಮುಖ ಈಗ್ಲೂ ಕಣ್ಮುಂದೆ ಬರುತ್ತೆ, ಆದ್ರೆ ರೋಕಾನ ಓಡ್ಸಿ ಅಂತ ಯಾರಾದ್ರೂ ಕೂಗಿದ್ದು ನಂಗೆ ನೆನಪಿಲ್ಲ. ಅವರು ಹೋದಾಗ ಕ್ಲಬ್‌ನೋರು ಪ್ರಪಂಚ ಎಲ್ಲಾ ಹುಡುಕಕ್ಕೆ ಹೋಗ್ಲಿಲ್ಲ, ಪಕ್ಕದಲ್ಲೇ ಅಸಿಸ್ಟೆಂಟ್ ಆಗಿದ್ದ ಕಾರ್ಲೆಸ್ ಕ್ವಾದ್ರಾತ್‌ಗೆ ಬೀಗದ ಕೈ ಕೊಟ್ರು. ಮುಂದಿನ ವರ್ಷವೇ ಗೋವಾ ವಿರುದ್ಧ ಭೇಕೆ ಹೆಡರ್, ಎಕ್ಸ್‌ಟ್ರಾ ಟೈಮ್ ಮುಗಿಯೋ ಹೊತ್ತಲ್ಲಿ, ಐಎಸ್‌ಎಲ್ ಕಪ್ಪು ನಮ್ದು.

ಆ ಕ್ವಾದ್ರಾತ್‌ನ ಏನ್ ಮಾಡಿದ್ರು ಗೊತ್ತಾ? 2021 ಜನವರಿ 6, ಮೂರು ಮ್ಯಾಚ್ ಸಾಲಾಗಿ ಸೋತಿದ್ದಕ್ಕೆ ಕಳ್ಸಿಬಿಟ್ರು. ಕೊರೊನಾ ಟೈಮು, ಎಲ್ಲಾ ಟೀಮೂ ಗೋವಾದಲ್ಲಿ ಹೋಟೆಲಲ್ಲಿ ಬೀಗ ಹಾಕ್ಕೊಂಡು ಕೂತಿತ್ತು, ಸ್ಟೇಡಿಯಂಗಳಲ್ಲಿ ಜನ ಇಲ್ಲ. ನಮ್ಮ ಸ್ಟ್ರೈಕರ್ ಮಿಕು ಹೋಗಿ ಒಂದೂವರೆ ವರ್ಷ ಆಗಿತ್ತು, ಅವನ ಜಾಗಕ್ಕೆ ಅಂಥ ಸ್ಟ್ರೈಕರ್ ಬಂದಿರ್ಲೇ ಇಲ್ಲ, ಗೋಲು ಎಲ್ಲಿಂದ ಬರ್ಬೇಕು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಅದೇ ಇದು. ಆಮೇಲೆ ಸೀಸನ್ ಮುಗಿಯೋ ತನಕ ನೌಶಾದ್ ಮೂಸಾ ನೋಡ್ಕೊಂಡ್ರು, 7ನೇ ಸ್ಥಾನ, ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಸಲ ಪ್ಲೇಆಫ್ ಇಲ್ಲ. ಆಮೇಲೆ ಜರ್ಮನಿಯ ಮಾರ್ಕೊ ಪೆಜ್ಜೈಯೊಲಿ, 6ನೇ ಸ್ಥಾನ. ಆಮೇಲೆ ಗ್ರೇಸನ್. ಆಮೇಲೆ ಝರಗೋಝಾ. ಏಳು ವರ್ಷದಲ್ಲಿ ಮೂರು ಜನ ಕೂತಿದ್ದ ಕುರ್ಚಿ ಮೇಲೆ ಮೂರು ವರ್ಷದಲ್ಲಿ ನಾಲ್ಕು ಜನ ಕೂತ್ರು, ಮದುವೆ ಮನೇಲಿ ಸಾರು ಕುದೀತಿರೋವಾಗ ಭಟ್ಟರನ್ನ ಬದಲಾಯಿಸಿದ ಹಾಗೆ, ಒಬ್ರು ಬೆಲ್ಲ ಹಾಕಿರ್ತಾರೆ ಇನ್ನೊಬ್ರು ಬಂದು ಹುಳಿ ಹಿಂಡ್ತಾರೆ, ಕೊನೆಗೆ ಉಣ್ಣೋನು ನಾನು.

ಹಾಗಂತ ಯಾವತ್ತೂ ಕೋಚ್‌ನ ತೆಗೀಲೇಬಾರ್ದು ಅಂತ ನಾನು ಹೇಳ್ತಿಲ್ಲ. ನಮ್ಮ ಭಾವ ಚೆಲ್ಸಿ ಅಭಿಮಾನಿ, ರಾತ್ರಿ ಒಂದೂವರೆಗೆ ಎದ್ದು ಮ್ಯಾಚ್ ನೋಡಿ ಬೆಳಗ್ಗೆ ಆಫೀಸಲ್ಲಿ ತೂಕಡಿಸೋ ಪೈಕಿ. ಅವರು ಯಾವಾಗ್ಲೂ ಒಂದೇ ಬಾಣ ಬಿಡ್ತಾರೆ: 2012ರಲ್ಲಿ ಮಾರ್ಚ್ ತಿಂಗಳಲ್ಲಿ ವಿಲ್ಲಾಸ್-ಬೋವಾಸ್‌ನ ತೆಗೆದು ಡಿ ಮತ್ತೆಯೊಗೆ ಕೊಟ್ರು, ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ರು, 2021 ಜನವರಿಯಲ್ಲಿ ಲ್ಯಾಂಪಾರ್ಡ್‌ನ ತೆಗೆದು ಟುಕೆಲ್‌ನ ತಂದ್ರು, ಮೇನಲ್ಲಿ ಮತ್ತೆ ಗೆದ್ರು, ಈಗೇನಂತೀಯಾ ಅಂತ. ಏನೂ ಅನ್ನಲ್ಲ ಭಾವ, ಅವರ ಅಡುಗೆ ಮನೆಯಲ್ಲಿ ದಿನಸಿ ತುಂಬಿರುತ್ತೆ, ಯಾವ ಭಟ್ಟರು ಬಂದ್ರೂ ನಡೆಯುತ್ತೆ. ನಮ್ಮಲ್ಲಿ ನಾಲ್ಕು ಜನ ಫಾರಿನ್ ಆಟಗಾರರು ಗ್ರೌಂಡಲ್ಲಿ, 2024-25ರಲ್ಲಿ 24 ಮ್ಯಾಚಿನ ಲೀಗು, ಒಬ್ಬ ಸೆಂಟರ್ ಬ್ಯಾಕ್‌ಗೆ ಮಂಡಿ ನೋವು ಬಂದ್ರೆ ಅರ್ಧ ಸೀಸನ್ ಹೋಯ್ತು.

ಇನ್ನೊಂದು ಉದಾಹರಣೆ ನನ್ನ ವಾದಕ್ಕೇ ಉಲ್ಟಾ ಹೊಡೆಯುತ್ತೆ, ಆದ್ರೂ ಹೇಳ್ತೀನಿ. ಕ್ವಾದ್ರಾತ್ ಹೋದ ಅದೇ 2021 ಜನವರಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಕೂಡ ಕೋಚ್‌ನ ತೆಗೀತು, ಅಸಿಸ್ಟೆಂಟ್ ಆಗಿದ್ದ ಖಾಲಿದ್ ಜಮೀಲ್ ಕೈಗೆ ಟೀಮ್ ಕೊಡ್ತು, ಅವರು ಪ್ಲೇಆಫ್ ತನಕ ಒಯ್ದ್ರು. ಅದೇ ತಿಂಗಳು, ಅದೇ ಗೋವಾ. ಒಳಗಿನವರಿಗೆ ಕೊಟ್ರೆ ಸರಿ ಹೋಗುತ್ತೆ ಅನ್ನಣ ಅಂದ್ರೆ ಮೂಸಾನೂ ನಮ್ಮಲ್ಲಿ ಒಳಗಿನವರೇ, ಸೋ ನನ್ನ ಲಾಜಿಕ್ ಇಲ್ಲಿ ಸ್ವಲ್ಪ ಕುಂಟುತ್ತೆ, ಒಪ್ಕೋತೀನಿ. ಆ ಜಮೀಲ್ 2024-25ರ ಸೀಸನ್‌ನಲ್ಲಿ ಜಮ್ಶೆಡ್‌ಪುರದ ಕೋಚ್ ಆಗಿ ಸೆಮಿಫೈನಲ್ ತನಕ ಬಂದ್ರು, ಆ ಸೀಸನ್‌ನಲ್ಲಿ ಇಡೀ ಐಎಸ್‌ಎಲ್‌ನಲ್ಲಿ ಇಂಡಿಯನ್ ಹೆಡ್ ಕೋಚ್ ಹುಡುಕಕ್ಕೆ ದೀಪ ಹಿಡೀಬೇಕಿತ್ತು. ಅದು ಬೇರೆ ಪತ್ರದ ವಿಷಯ.

ಗ್ರೇಸನ್ ವಿಷಯಕ್ಕೆ ಬಂದ್ರೆ ನಂಗೆ ಇನ್ನೂ ಕನ್‌ಫ್ಯೂಶನ್ನೇ. ಮೊದಲನೇ ವರ್ಷ ಡ್ಯುರಾಂಡ್ ಕಪ್ ಗೆದ್ದು ಬಂದು ಐಎಸ್‌ಎಲ್‌ನಲ್ಲಿ ಡಿಸೆಂಬರ್ ತನಕ ತಳದಲ್ಲಿ ಒದ್ದಾಡ್ತಿದ್ರು, ಆಗ್ಲೂ ಓಡ್ಸಿ ಅಂದ್ರು ಜನ, ಕ್ಲಬ್ಬು ಸುಮ್ನಿತ್ತು, ಆಮೇಲೆ ಸಾಲಾಗಿ 8 ಲೀಗ್ ಮ್ಯಾಚ್ ಗೆದ್ದು ನಾಲ್ಕನೇ ಸ್ಥಾನ. 2023 ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ಮೇಲೆ ಛೆಟ್ರಿ ಫಟ್ ಅಂತ ಹೊಡೆದ ಫ್ರೀ ಕಿಕ್ಕು, ಅವರ ಕೋಚು ಟೀಮನ್ನೇ ಕರ್ಕೊಂಡು ಗ್ರೌಂಡಿಂದ ಹೊರಗೆ ನಡೆದ ಆ ಮ್ಯಾಚ್ ಯಾರು ಮರೀತಾರೆ! ಮಾರನೇ ದಿನ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷ ಆದ್ಮೇಲೆ ರಾಜ್ಯಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆಲ್ತು, ಆ ವಾರ ನಮ್ಮ ಹಲಸೂರಲ್ಲಿ ಹಬ್ಬ. ಅದೇ ಗ್ರೇಸನ್ ಒಂಬತ್ತು ತಿಂಗಳಿಗೆ ಬೇಡದವರಾದ್ರು. ಆದ್ರೆ ಮಧ್ಯದಲ್ಲಿ ಏನಾಯ್ತು ನೋಡಿ: ಜಿಂಗನ್ ಹೋದ, ರಾಯ್ ಕೃಷ್ಣ ಹೋದ, ಉದಾಂತ ಹೋದ, ಪ್ರಬೀರ್ ದಾಸ್ ಹೋದ. 2023ರ ಐಎಸ್‌ಎಲ್ ಫೈನಲ್ ಆಡಿದ ಟೀಮನ್ನ ಬಿಚ್ಚಿ ಹಾಕಿ ಅದೇ ರಿಸಲ್ಟ್ ಕೊಡು ಅಂದ್ರೆ ಯಾವ ಕೋಚ್ ಕೊಡ್ತಾನೆ? ಆಟಗಾರರನ್ನ ಬಿಟ್ಟಿದ್ದು ಯಾರು, ತಂದಿದ್ದು ಯಾರು, ಅವರ ಹೆಸರನ್ನ ಗ್ಯಾಲರಿಯಲ್ಲಿ ಯಾರೂ ಕೂಗಲ್ಲ, ಯಾಕಂದ್ರೆ ಅವರು ಟಚ್‌ಲೈನ್ ಹತ್ರ ನಿಂತಿರಲ್ಲ.

ನಮ್ಮಪ್ಪ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಐಟಿಐ, ಎಚ್‌ಎಎಲ್, ಎಂಇಜಿ ಮ್ಯಾಚ್ ನೋಡಿ ಬೆಳೆದವರು. ಅವರು ಹೇಳೋ ಪ್ರಕಾರ ಆಗ ಕೋಚ್ ಅಂದ್ರೆ ಬೆಳಗ್ಗೆ ಹುಡುಗ್ರಿಗೆ ಪ್ರಾಕ್ಟೀಸ್ ಕೊಟ್ಟು ಆಮೇಲೆ ತಾನೂ ಶಿಫ್ಟ್‌ಗೆ ಹೋಗೋ ಮನುಷ್ಯ, ಸೋತ್ರೆ ಕ್ಯಾಂಟೀನಲ್ಲಿ ಬೈಸ್ಕೋತಿದ್ದ, ಕೆಲಸ ಏನೂ ಹೋಗ್ತಿರ್ಲಿಲ್ಲ. ಈಗ ಕಾಲ ಬೇರೆ, ದುಡ್ಡು ಬೇರೆ, ಅದೆಲ್ಲಾ ವಾಪಸ್ ಬರಲ್ಲ. ಆದ್ರೆ ಒಂದು ಮಾತು ಅಪ್ಪ ಸರಿಯಾಗಿ ಕೇಳ್ತಾರೆ, ಮೊನ್ನೆ ಫೈನಲ್ ಆದ್ಮೇಲೂ ಕೇಳಿದ್ರು: ಕೋಚ್ ತೆಗೀರಿ ಅಂತೀಯಲ್ಲ, ಆ ಜಾಗಕ್ಕೆ ಯಾರು ಅಂತ ನಿಂಗ್ ಗೊತ್ತಾ? ಹೋದ ವರ್ಷದ ನನ್ನ ಮೇಲಲ್ಲಿ ಆ ಹೆಸರಿರ್ಲಿಲ್ಲ. ಗ್ರೂಪಲ್ಲಿ ಈ ವಾರ ಬಂದ ನೂರಾರು ಮೆಸೇಜಲ್ಲೂ ಇಲ್ಲ.

ನನ್ ಕೇಳಿದ್ರೆ, ಒಬ್ಬ ಕೋಚ್‌ಗೆ ಅವನೇ ಆರಿಸಿದ ಟೀಮ್ ಜೊತೆ ಒಂದು ಪೂರ್ತಿ ಪ್ರೀ-ಸೀಸನ್, ಒಂದು ಪೂರ್ತಿ ಸೀಸನ್ ಕೊಡಿ. ತೆಗೆಯೋದಿದ್ರೆ ಮೇ ತಿಂಗಳಲ್ಲಿ ತೆಗೀರಿ, ಡಿಸೆಂಬರಲ್ಲಿ ಬೇಡ. ಡ್ರೆಸ್ಸಿಂಗ್ ರೂಮಲ್ಲಿ ಆಟಗಾರರೇ ಮಾತು ಕೇಳೋದು ನಿಲ್ಲಿಸಿಬಿಟ್ಟಿದ್ರೆ ಅದು ಬೇರೆ, ಆಗ ಒಂದು ದಿನಾನೂ ಇಟ್ಕೋಬಾರ್ದು. ಆದ್ರೆ ಜನವರಿಯಲ್ಲಿ ಮುಗ್ಗರಿಸಿ ಮಾರ್ಚಲ್ಲಿ 5-0 ಹೊಡೆದ ಟೀಮನ್ನ ನೋಡಿದ್ರೆ ಹಾಗೇನೂ ಕಾಣ್ಸಲ್ಲ. ಯೂತ್ ಟೀಮಿಂದ ಬಂದ ವಿನೀತ್ ವೆಂಕಟೇಶ್‌ನ ನೋಡಿ, ಈ ಸೀಸನ್ ಮೊದಲನೇ ಮ್ಯಾಚಲ್ಲಿ ಈಸ್ಟ್ ಬೆಂಗಾಲ್ ಮೇಲೆ ಅವನ ಗೋಲಲ್ಲೇ 1-0 ಗೆದ್ದಿದ್ದು. ಅಂಥ ಚಿಕ್ಕ ಹುಡುಗನ್ನ ಮೊದಲ ದಿನವೇ ಇಳಿಸೋಕೆ ಕೋಚ್‌ಗೆ ಧೈರ್ಯ ಬೇಕು, ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನೋ ಕೋಚು ಹಳೇ ಕಾಲುಗಳನ್ನೇ ಆಡಿಸ್ತಾನೆ.

ಅಂದ್ಹಾಗೆ ಆ ಮ್ಯಾಚಲ್ಲಿ ಈಸ್ಟ್ ಬೆಂಗಾಲ್ ಬೆಂಚಲ್ಲಿ ಕೂತಿದ್ದ ಕೋಚ್ ಯಾರು ಗೊತ್ತಾ? ನಮ್ಮ ಕ್ವಾದ್ರಾತೇ. 2024 ಜನವರಿಯಲ್ಲಿ ಅವರಿಗೆ ಸೂಪರ್ ಕಪ್ ಗೆದ್ದು ಕೊಟ್ಟಿದ್ದ ಮನುಷ್ಯ. ಸೆಪ್ಟೆಂಬರಲ್ಲಿ ಲೀಗಿನ ಮೊದಲ ಮೂರು ಮ್ಯಾಚ್ ಸೋತ ಕೂಡ್ಲೇ ಅಲ್ಲಿಂದಲೂ ಹೊರಟ್ರು. ಮತ್ತೆ ಮೂರೇ ಮ್ಯಾಚು.

ಕೊನೇದಾಗಿ ಒಂದು ವಿನಂತಿ ಸಾರ್. ಈ ಪತ್ರ ಹಾಕಿ, ಬಿಡಿ, ನಿಮ್ಮಿಷ್ಟ. ಆದ್ರೆ ಹೋದ ವರ್ಷ ಏಪ್ರಿಲ್ 11ರ ರಾತ್ರಿ ಬಂದ ಆ ಇನ್ನೊಂದು ಮೇಲ್ ನಿಮ್ಮ ಇನ್‌ಬಾಕ್ಸಲ್ಲಿ ಇನ್ನೂ ಇದ್ರೆ ದಯವಿಟ್ಟು ಡಿಲೀಟ್ ಮಾಡ್ಬಿಡಿ.

ಹಲಸೂರಿನ ಒಬ್ಬ ಓದುಗ, ಬೆಂಗಳೂರು