ನೀರಾವಿ ಗ್ರಹದ್ದೋ, ನಕ್ಷತ್ರದ್ದೋ?

ಮಾನ್ಯ ಸಂಪಾದಕರೇ,

‘ದೂರದ ಗ್ರಹದಲ್ಲಿ ನೀರಾವಿ ಪತ್ತೆ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆ ಗ್ರಹ ಸುತ್ತುವ ನಕ್ಷತ್ರ ಎಂಥದು ಎಂಬ ಸಾಲು ಮಾತ್ರ ಇರುವುದಿಲ್ಲ. ಸುದ್ದಿಯ ಗಟ್ಟಿತನ ಇರುವುದು ಆ ಸಾಲಿನಲ್ಲೇ.

ಗ್ರಹ ತನ್ನ ನಕ್ಷತ್ರದ ಮುಂದೆ ಹಾಯುವಾಗ ಬೆಳಕು ಎಷ್ಟು ಕುಗ್ಗಿತು ಎಂದು ಅಳೆಯುತ್ತಾರೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡದು ಹಾಯ್ದರೆ ಸುಮಾರು ಶೇ 1, ಭೂಮಿಯಷ್ಟಿದ್ದರೆ ಶೇ 0.0084. ಗ್ರಹದ ವಾತಾವರಣದ ನೀರಾವಿ ಬೆಳಕು ಹೀರುವ ತರಂಗಾಂತರದಲ್ಲಿ, ಉದಾಹರಣೆಗೆ 1.4 ಮೈಕ್ರಾನ್ (ಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರಾನ್) ಆಸುಪಾಸು, ಕುಸಿತ ತುಸು ಹೆಚ್ಚುತ್ತದೆ. ಆ ‘ತುಸು’ ಎಂಬುದು ಹತ್ತು ಲಕ್ಷದಲ್ಲಿ ಕೆಲವು ಹತ್ತರಿಂದ ಕೆಲವು ನೂರು ಪಾಲು, ಅಷ್ಟೇ.

ಈ ಲೆಕ್ಕ ನಕ್ಷತ್ರದ ಮೈ ಎಲ್ಲೆಡೆ ಒಂದೇ ಸಮ ಎಂದು ನಂಬಿ ಹಾಕಿದ್ದು. ಕಲಬುರಗಿಯ ತೊಗರಿ ಮಾರುಕಟ್ಟೆಯಲ್ಲಿ ಚೀಲದ ಬಾಯಿಂದ ಒಂದು ಹಿಡಿ ತೆಗೆದು ರಾಶಿಗೆಲ್ಲ ದರ ಕಟ್ಟಿದಂತೆ: ತಳದಲ್ಲಿ ಕಪ್ಪು ಕಾಳಿದ್ದರೆ ದರ ತಪ್ಪಿತು. ಗ್ರಹ ಹಾಯುವುದು ನಕ್ಷತ್ರದ ಒಂದು ಪಟ್ಟಿಯ ಮೇಲೆ. ನಾವು ಹೋಲಿಸುವುದು ಇಡೀ ಬಿಲ್ಲೆಯ ಬೆಳಕಿಗೆ. ನಕ್ಷತ್ರದ ಮೈಮೇಲಿನ ತಣ್ಣನೆಯ, ಮಸುಕಾದ ಕಲೆಗಳು ಆ ಪಟ್ಟಿಯ ಹೊರಗಿದ್ದರೆ ಕುಸಿತ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಎಷ್ಟು ಹೆಚ್ಚು? 5000 ಕೆಲ್ವಿನ್ ನಕ್ಷತ್ರದ ಮುಖದ ಶೇ 5ರಷ್ಟನ್ನು 4000 ಕೆಲ್ವಿನ್ ಕಲೆಗಳು ಮುಚ್ಚಿವೆ ಎನ್ನಿ. ಕಲೆ 0.5 ಮೈಕ್ರಾನಿನಲ್ಲಿ ಸುತ್ತಲಿನ ಮೈಯ ಶೇ 24ರಷ್ಟು ಬೆಳಗಿದರೆ, 2 ಮೈಕ್ರಾನಿನಲ್ಲಿ ಶೇ 64ರಷ್ಟು. ನಿಜವಾದ ಕುಸಿತ ಶೇ 1 ಇದ್ದಲ್ಲಿ ಮೊದಲನೆಯದರಲ್ಲಿ ಶೇ 1.04, ಎರಡನೆಯದರಲ್ಲಿ ಶೇ 1.02 ಸಿಗುತ್ತದೆ. ವಾತಾವರಣವೇ ಇಲ್ಲದೆ ಹತ್ತು ಲಕ್ಷಕ್ಕೆ 200 ಪಾಲಿನ ಇಳಿಜಾರು! ಇದೇ ಇಳಿಜಾರನ್ನು ಗ್ರಹದ ವಾತಾವರಣದ ಮಬ್ಬು ಎಂದೂ ಓದಬಹುದು. ಎಚ್‌ಡಿ 189733 ಬಿ ಗ್ರಹದ ವಿಷಯದಲ್ಲಿ ನಡೆದ ವಾದ ಇದೇ. ಗ್ರಹ ಕಲೆಯ ಮೇಲೆಯೇ ಹಾಯ್ದರೆ ಹೊತ್ತು ಸರಿದಂತೆ ಬೆಳಕಿನ ಏರಿಳಿತ ತೋರಿಸುವ ರೇಖೆಯಲ್ಲಿ ಸಣ್ಣ ಉಬ್ಬು ಏಳುತ್ತದೆ, ಅದನ್ನು ಗುರುತಿಸಿ ಬಿಡಬಹುದು. ಫ್ಯಾಕ್ಯುಲಾ ಎಂಬ ಹೊಳಪಿನ ತೇಪೆಗಳು ಹಾದಿಯ ಹೊರಗಿದ್ದರೆ ಲೆಕ್ಕ ತಿರುಗಿ ಬೀಳುತ್ತದೆ.

ಸೂರ್ಯನಿಗಿಂತ ಚಿಕ್ಕ, ತಣ್ಣನೆಯ ನಕ್ಷತ್ರಗಳಾದ ಕೆಂಪು ಕುಬ್ಜಗಳ ತೊಡಕು ಇನ್ನೂ ದೊಡ್ಡದು. ಅವುಗಳ ತಣ್ಣನೆಯ ಕಲೆಗಳಲ್ಲೇ ನೀರಾವಿ ಇರಬಲ್ಲದು. ಸೂರ್ಯನ ಕಲೆಗಳಲ್ಲೂ ಅದು ಪತ್ತೆಯಾಗಿದೆ ಎಂದು 1995ರಲ್ಲೇ ವರದಿಯಾಗಿತ್ತು. ಬಿಸಿಲೂರಿನವರಿಗೆ ನಂಬಲು ಕಷ್ಟ, ಇರಲಿ. 2023ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ 26 ಜ್ಯೋತಿರ್ವರ್ಷ ದೂರದ ಜಿಜೆ 486 ಬಿ ಗ್ರಹದ ಕಡೆ ನೀರಾವಿಯ ಸುಳಿವು ಕಂಡಿತು. ಅದು ಗ್ರಹದ್ದೋ ನಕ್ಷತ್ರದ ಕಲೆಗಳದ್ದೋ ಎಂದು ಆ ಅಳತೆಯಿಂದ ಬಿಡಿಸಲಾಗಲಿಲ್ಲ. ಟ್ರಾಪಿಸ್ಟ್–1 ಬಿ ಗ್ರಹದ ಎರಡು ಹಾಯುವಿಕೆಗಳು ಎರಡು ಬೇರೆ ರೋಹಿತ (ತರಂಗಾಂತರವಾರು ಬೆಳಕಿನ ಅಳತೆ) ಕೊಟ್ಟವು. ಬದಲಾದದ್ದು ಗ್ರಹವಲ್ಲ, ನಕ್ಷತ್ರದ ಮುಖ.

ನಕ್ಷತ್ರದ ಬೆಳಕು ಹೆಚ್ಚು ಏರಿಳಿಯದಿದ್ದರೆ ಕಲೆ ಇಲ್ಲ ಎಂದು ಬರೆದುಬಿಡುವುದುಂಟು. ಅದು ತಪ್ಪು. ಕಲೆಗಳು ಧ್ರುವದಲ್ಲಿದ್ದರೆ ಅಥವಾ ಎಲ್ಲೆಡೆ ಸಮನಾಗಿ ಚದುರಿದ್ದರೆ ನಕ್ಷತ್ರ ತಿರುಗಿದರೂ ಬೆಳಕು ಅಷ್ಟಾಗಿ ಬದಲಾಗದು. ದೃಗ್ಗೋಚರ ಮತ್ತು ಅವಕೆಂಪು ಬೆಳಕನ್ನು ಏಕಕಾಲಕ್ಕೆ ಅಳೆಯಬೇಕು, ಹಲವು ಹಾಯುವಿಕೆ ನೋಡಬೇಕು. ನಾಸಾದ 45 ಸೆಂ.ಮೀ. ದೂರದರ್ಶಕದ ಪಂಡೋರಾ ಉಪಗ್ರಹವನ್ನು ಇದಕ್ಕೆಂದೇ ರೂಪಿಸಿದ್ದು: ಕನಿಷ್ಠ 20 ಗ್ರಹಗಳು, ಒಂದೊಂದನ್ನೂ 10 ಸಲ, ಪ್ರತಿ ಸಲ 24 ಗಂಟೆ.

ಆದ್ದರಿಂದ ಇಂಥ ಸುದ್ದಿ ಅಚ್ಚಾಗುವ ಮುನ್ನ ನಿಮ್ಮ ಮೇಜಿನಲ್ಲಿ ಇಷ್ಟನ್ನು ಕೇಳಿ: ನಕ್ಷತ್ರ ಯಾವ ಬಗೆಯದು, ಎಷ್ಟು ಹಾಯುವಿಕೆ ಅಳೆದರು, ಕಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನೀರು ಉಳಿಯಿತೆ? ಉತ್ತರ ಸಿಗದಿದ್ದರೆ ‘ನೀರಾವಿ ಸುಳಿವು, ಗ್ರಹದ್ದೋ ನಕ್ಷತ್ರದ್ದೋ ತಿಳಿದಿಲ್ಲ’ ಎಂದು ಹಾಕಿ. ಎರಡು ಕಾಲಂನಲ್ಲಿ ಹಿಡಿಯುತ್ತದೆ.

– ಕೆಲವು ಭೌತಶಾಸ್ತ್ರ ಅಧ್ಯಾಪಕರು, ಕಲಬುರಗಿ