ಬಾಗಿಲ ಹತ್ತಿರದ ಚಪ್ಪಲಿ

ಪ್ರೀತಿಯ ಗೆಳೆಯ,

ಮಗ ಹೇಗಿದ್ದಾನೆ ಎಂದು ನೀನು ಕೇಳಿದ್ದೆ. ಚೆನ್ನಾಗಿದ್ದಾನೆ ಎಂದು ಒಂದೇ ಸಾಲು ಬರೆದು ಮುಗಿಸಬಹುದಿತ್ತು. ಆದರೆ ಹೋದ ವಾರ ಒಂದು ವಿಷಯ ನಡೆಯಿತು. ಅದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ಬೆಳಿಗ್ಗೆ ಹೊರಗೆ ಹೊರಟಿದ್ದೆ. ಬಾಗಿಲ ಹತ್ತಿರ ಇದ್ದ ಚಪ್ಪಲಿಗೆ ಕಾಲು ತೂರಿಸಿದೆ. ಯಾಕೋ ಸಡಿಲ ಅನ್ನಿಸಿತು. ಬಗ್ಗಿ ನೋಡಿದರೆ ಅದು ನನ್ನದಲ್ಲ, ಅವನದು. 14 ವರ್ಷಕ್ಕೇ ಅವನ ಪಾದ ನನ್ನದನ್ನು ದಾಟಿಬಿಟ್ಟಿದೆ. ಈ ವಯಸ್ಸಿನಲ್ಲಿ ಮೊದಲು ಬೆಳೆಯುವುದು ಕೈ ಮತ್ತು ಪಾದ. ಆಮೇಲೆ ಕಾಲು ಉದ್ದವಾಗುತ್ತದೆ, ಮೈ ಕೊನೆಗೆ. ಅಂದರೆ ಇನ್ನೊಂದೆರಡು ವರ್ಷಕ್ಕೆ ಅವನ ಮುಖ ನೋಡಲು ನಾನೇ ತಲೆ ಎತ್ತಬೇಕಾಗುತ್ತದೇನೋ. ಅಪ್ಪನ ಚಪ್ಪಲಿ ಮಗನ ಕಾಲಿಗೆ ಸರಿಹೋದ ದಿನದಿಂದ ಅವನನ್ನು ಗೆಳೆಯನಂತೆ ಕಾಣಬೇಕು ಎಂದು ಹಿರಿಯರು ಹೇಳುತ್ತಿದ್ದರಲ್ಲ, ಆ ದಿನ ನನಗೆ ತಿಳಿಯದೆಯೇ ದಾಟಿಹೋಗಿದೆ.

ನಿನಗೆ ನೆನಪಿದೆಯಾ, ಚಿಕ್ಕವನಿದ್ದಾಗ ಅವನು ಚಪ್ಪಲಿಗೆ ‘ಪಚ್ಚಲಿ’ ಅನ್ನುತ್ತಿದ್ದ? ನನ್ನ ಚಪ್ಪಲಿಯನ್ನು ಕಾಲಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಎಳೆದಾಡುತ್ತಿದ್ದ. ಆ ಪದ ನಮ್ಮ ಮನೆಮಾತೇ ಆಗಿಹೋಯಿತು. ಅವನು ಸರಿಯಾಗಿ ಹೇಳಲು ಕಲಿತು ಹತ್ತು ವರ್ಷವಾದರೂ ನಾನೂ ಅವನ ಅಮ್ಮನೂ ಬಿಟ್ಟಿಲ್ಲ. ಅವತ್ತು ಸಂಜೆ ಅವನ ಗೆಳೆಯರು ಬಂದಿದ್ದರು. “ನಿನ್ನ ಪಚ್ಚಲಿ ನಂದಕ್ಕಿಂತ ದೊಡ್ಡದಾಯ್ತಲ್ಲೋ” ಅಂದೆ. ಖುಷಿಯಿಂದಲೇ ಅಂದದ್ದು. ಅಷ್ಟಕ್ಕೆ ನಿಲ್ಲಿಸದೆ, ಅವನು ಎಡವಿ ಬಿದ್ದು ಅಳುತ್ತಿದ್ದದ್ದನ್ನೂ ಹೇಳಿದೆ. ಹುಡುಗರು ನಕ್ಕರು. ಅವನು ನಗಲಿಲ್ಲ.

ರಾತ್ರಿ ನನ್ನ ಹತ್ತಿರ ಬಂದು ನಿಂತ. ಈಗ ಅವನ ದನಿ ಒಡೆದಿದೆ. ಒಂದು ಮಾತು ದಪ್ಪಗೆ, ಮುಂದಿನದು ಕೀರಲು. ಆ ದನಿಯಲ್ಲೇ ಕೇಳಿದ, “ಅಪ್ಪ, ನಿಂಗೆ ಆ ಪಾಪುನೇ ಜಾಸ್ತಿ ಇಷ್ಟ ಅಲ್ವಾ?”

ನನಗೆ ಏನೂ ತೋಚಲಿಲ್ಲ. “ಆ ಪಾಪು ನೀನೇ ಅಲ್ವೇನೋ” ಅಂದೆ.

“ನಂಗೆ ಅವನು ಗೊತ್ತೇ ಇಲ್ಲ. ನೀನೂ ಅಮ್ಮನೂ ಹೇಳ್ತೀರಿ, ನಾನು ಕೇಳ್ತೀನಿ ಅಷ್ಟೆ.”

ಅವನು ಹೇಳಿದ್ದು ಸರಿ ಕಣೋ. ನಮ್ಮಲ್ಲಿ ಹೆಚ್ಚಿನವರ ಮೊದಲ ನೆನಪು 3 ವರ್ಷದ ಆಚೀಚಿನದು. ಅದಕ್ಕೂ ಹಿಂದಿನದು ಉಳಿಯುವುದಿಲ್ಲ. ನನ್ನ ಹೆಗಲ ಮೇಲೆ ನಿದ್ದೆಹೋದದ್ದು, ಜ್ವರ ಬಂದ ರಾತ್ರಿಯಿಡೀ ನನ್ನ ಬೆರಳು ಹಿಡಿದುಕೊಂಡಿದ್ದದ್ದು, ಯಾವುದೂ ಅವನ ಹತ್ತಿರ ಇಲ್ಲ. ನನಗೆ ಅದು ಮಗನ ಜೊತೆ ಕಳೆದ ಕಾಲ, ಅವನಿಗೆ ಯಾರದೋ ಕಥೆ. ಅದು ಹೊಳೆದಾಗ ಹೊಟ್ಟೆಯೊಳಗೆ ಸಂಕಟವಾಯಿತು. ಪಕ್ಕದ ಕೋಣೆಯಲ್ಲೇ ಇರುವವನನ್ನು ನೆನೆದು ಕೊರಗುವುದು ಎಂಥ ವಿಚಿತ್ರ ಅಲ್ವಾ? ಯಾರಿಗಾದರೂ ಹೇಳಿದರೆ, ಮಗ ಚೆನ್ನಾಗಿ ಬೆಳೆಯುತ್ತಿದ್ದಾನೆ, ಇನ್ನೇನು ಬೇಕು ಅನ್ನುತ್ತಾರೆ. ನಿಜ, ಇನ್ನೇನೂ ಬೇಡ. ಆದರೂ ಸಂಕಟ ಸಂಕಟವೇ.

ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಆ ಮಗುವನ್ನು ನೆನೆಯುತ್ತಾ ನೆನೆಯುತ್ತಾ ಈ ಹುಡುಗನನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ರಾತ್ರಿ ಬೇಗ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ ಎಂದು ಬೈಯುತ್ತಲೇ ಇದ್ದೆ. ಸೋಮಾರಿತನ ಅಂದುಕೊಂಡಿದ್ದೆ. ಹರೆಯ ಶುರುವಾದ ಮೇಲೆ ನಿದ್ದೆ ತರಿಸುವ ಮೆಲಟೋನಿನ್ ಮೈಯಲ್ಲಿ ತಡವಾಗಿ ಏರುತ್ತದೆ ಎಂದು ಆಮೇಲೆ ಓದಿದೆ. ಬೇಗ ಮಲಗಿದರೂ ಬೇಗ ನಿದ್ದೆ ಹತ್ತುವುದಿಲ್ಲ. ಆದರೆ ಈ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಎಷ್ಟು ಬೆಳಿಗ್ಗೆ ಅವನನ್ನು ಸುಮ್ನೆ ಬೈದೆನಲ್ಲ ಅನ್ನಿಸಿತು.

ಮೊನ್ನೆ ನನ್ನ ಅಮ್ಮ ಫೋನ್ ಮಾಡಿದ್ದಳು. ಎತ್ತಿದ್ದು ಅವನು. ಆ ದಪ್ಪ ದನಿ ಕೇಳಿ ನಾನೇ ಅಂದುಕೊಂಡು ಮಂಡಿನೋವು, ಒಂಟಿತನ ಎಲ್ಲವನ್ನೂ ಹೇಳಿಕೊಂಡಿದ್ದಾಳೆ. ಅವನು ನಡುವೆ ಬಾಯಿ ಹಾಕಿಲ್ಲ. ಪೂರ್ತಿ ಕೇಳಿ, ಆಮೇಲೆ “ಅಜ್ಜಿ, ನಾನು” ಅಂದಿದ್ದಾನೆ. ನನ್ನ ಹತ್ತಿರ ಬಂದು, “ಅಪ್ಪ, ಅಜ್ಜಿಗೆ ನೋವು ಜಾಸ್ತಿ ಇದೆ. ನಮ್ಮ ಹತ್ರ ಹೇಳಲ್ಲ, ನಿನ್ನ ಹತ್ರ ಮಾತ್ರ ಹೇಳ್ತಾರೆ. ನೀನು ಒಂದ್ಸಲ ಹೋಗಿ ಬಾ” ಅಂದ. ನಾನು ಅವನ ಮುಖವನ್ನೇ ನೋಡುತ್ತಾ ಕೂತೆ. ಆ ಪಾಪುವಿಗೆ ಈ ಮಾತು ಆಡಲು ಬರುತ್ತಿರಲಿಲ್ಲ.

ಈಗ ಬೆಳಿಗ್ಗೆ ಒಂಬತ್ತಾಗಿದೆ. ರಜೆ. ಅವನು ಇನ್ನೂ ಮಲಗಿದ್ದಾನೆ, ನಾನು ಎಬ್ಬಿಸಿಲ್ಲ.

ಮುಂದಿನ ತಿಂಗಳು ನೀನು ಬರುತ್ತೀಯಲ್ಲ, ಒಂದು ಕೇಳಿಕೊಳ್ಳುತ್ತೇನೆ. ಅವನನ್ನು ನೋಡಿದ ಕೂಡಲೇ “ಎಷ್ಟು ಬೆಳೆದುಬಿಟ್ಟೆ, ನಿನ್ನ ಎತ್ತಿ ಆಡಿಸಿದ್ದೆ” ಅನ್ನಬೇಡ. ಈಗ ಏನು ಓದುತ್ತಿದ್ದೀಯ, ಏನು ಇಷ್ಟ ಎಂದು ಕೇಳು. ಪಚ್ಚಲಿಯ ಕಥೆಯನ್ನು ನಾವಿಬ್ಬರೇ ಇದ್ದಾಗ ಹೇಳಿಕೊಳ್ಳೋಣ.

ನಿನ್ನ ಗೆಳೆಯ